ಜರಡಿಯ ಮೇಲೆ ನಿಂತ ಹೂವು

ಅಂಗೈಯಲ್ಲಿ ಒಂದು ಟ್ಯುಲಿಪ್ ಗೆಡ್ಡೆ ಇದೆ. ಗಾತ್ರದಲ್ಲಿ ಸಣ್ಣ ಈರುಳ್ಳಿ. ಕೈಗೆ ಸಿಗುವ ತೂಕ ಮಾತ್ರ ಬೇರೆ. ಒಳಗೆ ಏನೋ ಒತ್ತೊತ್ತಾಗಿ ತುಂಬಿದೆ ಎಂದು ಕೈಗೇ ತಿಳಿಯುತ್ತದೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಮಗುವಿನ ಕೆನ್ನೆಯಂತೆ ಉಬ್ಬು. ತುದಿಯ ಚೂಪಿಗೆ ಡಚ್ ಬೆಳೆಗಾರರು ಮೂಗು ಎನ್ನುತ್ತಾರೆ. ಹೊರಸಿಪ್ಪೆಗೆ ಹುಣಸೆಬೀಜದ ಬಣ್ಣ, ಅದರದೇ ಹೊಳಪು. ಬೆರಳು ಸವರಿದರೆ ಒಣಗಿದ ಎಲೆಯ ಸದ್ದು. ಸಿಪ್ಪೆ ಬಿರಿದ ಕಡೆ ದಂತದ ಬಿಳುಪು ಇಣುಕುತ್ತದೆ. ಚಪ್ಪಟೆ ಬದಿಗೂ ಒಂದು ಕಾರಣವಿದೆ: ಕಳೆದ ವರ್ಷದ ಹೂದಂಟು ಆ ಬದಿಗೆ ಒತ್ತಿಕೊಂಡು ನಿಂತಿತ್ತು. ತಾಯಿಯ ಮೈಗೆ ಆತು ಬೆಳೆದ ಗುರುತು ಅದು. ಕುಂಡದಲ್ಲಿ ನೆಡುವಾಗ ಬಲ್ಲವರು ಆ ಬದಿಯನ್ನು ಅಂಚಿನ ಕಡೆಗೆ ತಿರುಗಿಸಿ ಇಡುತ್ತಾರೆ, ಮೊದಲ ಅಗಲವಾದ ಎಲೆ ಅಲ್ಲಿಂದಲೇ ಹೊರಡುವುದರಿಂದ.

ಗೆಡ್ಡೆ ಬಂದ ಚೀಲದ ಮೇಲೆ ಹೂವಿನ ಬಣ್ಣದ ಚಿತ್ರವಿರುತ್ತದೆ, ತಳಿಯ ಹೆಸರಿರುತ್ತದೆ. ಮೂಲೆಯಲ್ಲಿ ಸಣ್ಣದಾಗಿ ಒಂದು ಸಂಖ್ಯೆಯೂ ಇರುತ್ತದೆ: 12/+. ನೋಡುವವರು ಅದನ್ನು ಬೆಲೆಪಟ್ಟಿಯ ಯಾವುದೋ ಗುರುತು ಎಂದು ದಾಟಿಹೋಗುತ್ತಾರೆ. ನನಗೆ ಇಡೀ ಚೀಲದಲ್ಲಿ ಅತ್ಯಂತ ಸುಂದರವಾದದ್ದು ಆ ಸಂಖ್ಯೆಯೇ. ಅದು ಇನ್ನೂ ಹುಟ್ಟದ ಹೂವಿನ ಬಗ್ಗೆ ಒಬ್ಬ ಬೆಳೆಗಾರ ಕೊಟ್ಟ ಮಾತು. ಹಣ್ಣನ್ನು ಕಣ್ಣಾರೆ ಕಂಡು ಕೊಳ್ಳಬಹುದು, ಬಟ್ಟೆಯನ್ನು ಮುಟ್ಟಿ ಕೊಳ್ಳಬಹುದು. ಹೂಗೆಡ್ಡೆ ಕೊಳ್ಳುವವರು ಕೊಳ್ಳುವುದು ಕಾಣದ ವಸ್ತುವನ್ನು. ಅದು ಕಾಣುವುದು ಆರು ತಿಂಗಳ ಮೇಲೆ, ಸಾವಿರಾರು ಮೈಲಿ ದೂರದ ಯಾವುದೋ ಅಂಗಳದಲ್ಲಿ. ಅಲ್ಲಿಯವರೆಗೂ ಆ ಸಂಖ್ಯೆಯೇ ಹೂವು.

ಸಂಖ್ಯೆಯ ಅರ್ಥ ಸರಳ. ಹೂಗೆಡ್ಡೆಯನ್ನು ಅಳೆಯುವುದು ಸುತ್ತಳತೆಯಲ್ಲಿ, ಸೆಂಟಿಮೀಟರ್ ಲೆಕ್ಕದಲ್ಲಿ. 11/12 ಎಂದರೆ ಸುತ್ತಳತೆ 11ಕ್ಕೂ 12ಕ್ಕೂ ನಡುವೆ. 12/+ ಎಂದರೆ 12 ಮತ್ತು ಅದಕ್ಕೆ ಮೇಲೆ. ಹಾಗೆಂದು ಯಾರೂ ದಾರ ಹಿಡಿದು ಒಂದೊಂದನ್ನೂ ಸುತ್ತುವುದಿಲ್ಲ. ಜರಡಿಯೇ ಅಳತೆಗೋಲು. ಡಚ್ಚರು ಅದಕ್ಕೆ ಜಿಫ್ಟ್ ಎನ್ನುತ್ತಾರೆ. ಗೆಡ್ಡೆಯ ಅಳತೆಗೆ ಅವರ ಹೆಸರು ಜಿಫ್ಟ್‌ಮಾಟ್, ಅಂದರೆ ಜರಡಿಯಳತೆ. ಹಲಗೆಯಲ್ಲಿ ದುಂಡನೆಯ ತೂತುಗಳು, ಪ್ರತಿ ಹಲಗೆಗೂ ಅದರ ತೂತಿನ ಸುತ್ತಳತೆಯೇ ಹೆಸರು. 11ರ ತೂತಿನಲ್ಲಿ ಇಳಿಯದೆ ನಿಂತು, 12ರ ತೂತಿನಲ್ಲಿ ಇಳಿದದ್ದು 11/12. 12ರ ಮೇಲೂ ನಿಂತದ್ದು 12/+. ನಮ್ಮ ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವಾಗ ಮೇಲೆ ಉಳಿಯುವುದು ತರಿ, ಬೇಕಾದದ್ದು ಕೆಳಗೆ ಬಿದ್ದದ್ದು. ಇಲ್ಲಿ ನಿಂತದ್ದಕ್ಕೆ ಪಯಣ, ಬಿದ್ದದ್ದಕ್ಕೆ ಮತ್ತೆ ಮಣ್ಣು.

ಗಾತ್ರಕ್ಕೇಕೆ ಅಷ್ಟು ಬೆಲೆ? ಗೆಡ್ಡೆಯನ್ನು ಮೂಗಿನಿಂದ ಬುಡದವರೆಗೆ ಉದ್ದಕ್ಕೆ ಸೀಳಿದರೆ ಉತ್ತರ ಸಿಗುತ್ತದೆ. ತಳದಲ್ಲಿ ಗಟ್ಟಿ ಬಿಲ್ಲೆಯಂಥ ಬುಡ. ನಿಜವಾಗಿ ಅದೇ ಕಾಂಡ. ಅದರ ಮೇಲೆ ಒಂದರೊಳಗೊಂದು ಕೂತ ದಪ್ಪ ಬಿಳಿ ಪದರಗಳು; ಅವು ಎಲೆಯ ಇನ್ನೊಂದು ರೂಪ, ಪಿಷ್ಟದ ಉಗ್ರಾಣ. ಎಲ್ಲಕ್ಕೂ ನಡುವೆ ತಿಳಿಹಳದಿ ಬಣ್ಣದ ಎಳೆಯ ಮೊಳಕೆ. ಸರಿಯಾದ ಕಾಲದಲ್ಲಿ ಸೀಳಿ ಭೂತಗನ್ನಡಿ ಹಿಡಿದರೆ ಅಲ್ಲಿ ಆರು ದಳಗಳ ಸುಳಿವು, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ, ಎಲ್ಲವೂ ಇವೆ. ನೀರು, ಚಳಿ, ಬೆಳಕು ಇನ್ನು ಮಾಡಬೇಕಾದದ್ದು ಅದನ್ನು ಹಿಗ್ಗಿಸುವ ಕೆಲಸ ಮಾತ್ರ. ಪದರಗಳು ತೆಳುವಾಗಿದ್ದರೆ ಹೂವಿಗೆ ಬೇಕಾದ ಬಂಡವಾಳವಿಲ್ಲ. ತೀರ ಕಿರಿದಾದ ಟ್ಯುಲಿಪ್ ಗೆಡ್ಡೆ ವಸಂತದಲ್ಲಿ ಒಂದೇ ಒಂದು ಎಲೆ ಬಿಟ್ಟು ಸುಮ್ಮನಾಗುತ್ತದೆ. ಆ ಒಂಟಿ ಎಲೆ ಕಂಡರೆ ಅನುಭವಸ್ಥರಿಗೆ ಗೊತ್ತು, ಈ ವರ್ಷ ಇದು ಹೂ ಕೊಡುವುದಿಲ್ಲ ಎಂದು.

ಈ ಸಂಖ್ಯೆಗಳು ಹುಟ್ಟಿ ಬೆಳೆದ ನೆಲವನ್ನು ನೋಡಬೇಕು. ನೆದರ್ಲೆಂಡ್ಸಿನ ಪಶ್ಚಿಮ ಕರಾವಳಿಯಲ್ಲಿ ಹಾರ್ಲೆಮ್ ಮತ್ತು ಲೈಡನ್ ನಗರಗಳ ನಡುವೆ ಬೊಲನ್‌ಸ್ಟ್ರೇಕ್ ಎಂಬ ಸೀಮೆಯಿದೆ, ಗೆಡ್ಡೆನಾಡು ಎಂದೇ ಅದರ ಅರ್ಥ. ಲಿಸ್ಸ, ಹಿಲ್ಲೆಖೊಮ್ ಅಲ್ಲಿಯ ಊರುಗಳು. ಸಮುದ್ರ ಬಿಟ್ಟುಹೋದ ಮರಳುದಿಬ್ಬಗಳನ್ನು ಕಡಿದು ಸಮಮಾಡಿದ ಹೊಲಗಳು, ಸುಣ್ಣದಂಶವಿರುವ ಮರಳು. ಕಾಲುವೆಗಳಿಂದ ನೆಲದಡಿಯ ನೀರನ್ನು ಸುಮಾರು 60 ಸೆಂ.ಮೀ. ಆಳದಲ್ಲೇ ಹಿಡಿದು ನಿಲ್ಲಿಸುತ್ತಾರೆ. ಬೇರಿಗೆ ತೇವ ಎಟಕುತ್ತದೆ, ಗೆಡ್ಡೆ ಕೊಳೆಯುವುದಿಲ್ಲ. ಮರಳಾದ್ದರಿಂದ ಗೆಡ್ಡೆ ದುಂಡಗೆ ಊದಲು ಅಡ್ಡಿಯಿಲ್ಲ, ಕಿತ್ತಾಗ ಮೈಗೆ ಅಂಟುವುದೂ ಇಲ್ಲ. ರಫ್ತಾಗುವ ಗೆಡ್ಡೆಯ ಮೇಲೆ ಮಣ್ಣಿನ ಕಣ ಇರಬಾರದೆಂದು ಕೊಳ್ಳುವ ದೇಶಗಳು ಕಟ್ಟುಪಾಡು ಮಾಡುವುದಕ್ಕೆ ಎಷ್ಟೋ ಮೊದಲೇ ಆ ನೆಲ ಆ ಶುಚಿಯನ್ನು ಕಲಿಸಿತ್ತು. ಈಗ ಟ್ಯುಲಿಪ್ ಒಳನಾಡಿನ ಜೇಡಿಮಣ್ಣಿಗೂ ಹಬ್ಬಿದೆ. ಅಲ್ಲಿ ಬಲೆ ಹಾಸಿ ಅದರ ಮೇಲೆ ಗೆಡ್ಡೆಯಿಟ್ಟು ಬೆಳೆಯುತ್ತಾರೆ, ಕೀಳುವಾಗ ಬಲೆಯನ್ನೇ ಎತ್ತಿದರಾಯಿತು. ಆದರೂ ಹಯಸಿಂತ್ ಎಂಬ ಇನ್ನೊಂದು ಹೂಗೆಡ್ಡೆಗೆ ಇವತ್ತಿಗೂ ಮರಳೇ ತವರು.

ನಾಟಿ ಅಕ್ಟೋಬರ್–ನವೆಂಬರಿನಲ್ಲಿ. ಚಳಿಗಾಲವಿಡೀ ಹೊಲದ ಮೇಲೆ ಹುಲ್ಲಿನ ಹೊದಿಕೆ. ಏಪ್ರಿಲ್ ಬಂತೆಂದರೆ ಪಟ್ಟೆಪಟ್ಟೆಯಾಗಿ ಕೆಂಪು, ಹಳದಿ, ನೇರಳೆ ಬಣ್ಣ ಹಾಸಿದ ಆ ಚಿತ್ರ ಎಲ್ಲರೂ ಕಂಡದ್ದೇ. ಲಿಸ್ಸದ ಕ್ಯೂಕನ್‌ಹೊಫ್ ತೋಟ 1950ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಈಗ ವರ್ಷಕ್ಕೆ ಸುಮಾರು 70 ಲಕ್ಷ ಗೆಡ್ಡೆಗಳನ್ನು ಅಲ್ಲಿ ನೆಡುತ್ತಾರೆ. ಪ್ರವಾಸಿಗರು ಅಲ್ಲಿಗೆ ಹೋಗಲಿ, ಖಂಡಿತ ಹೋಗಲಿ. ಆದರೆ ಗುಣಮಟ್ಟ ಎನ್ನುವುದು ತಯಾರಾಗುವುದನ್ನು ಕಾಣಬೇಕೆಂದರೆ ತೋಟದಿಂದ ಹೊರಬಂದು ಹೊಲದ ಬದುವಿನಲ್ಲಿ ನಿಲ್ಲಬೇಕು.

ಅಲ್ಲಿ ಸಾಲುಗಳ ನಡುವೆ ಒಬ್ಬ ಮನುಷ್ಯ ತಲೆತಗ್ಗಿಸಿ ನಿಧಾನವಾಗಿ ನಡೆಯುತ್ತಿರುತ್ತಾನೆ. ಡಚ್ಚಿನಲ್ಲಿ ಅವನ ಹೆಸರು ಜೀಕ್‌ಜೂಕರ್, ರೋಗ ಹುಡುಕುವವ. ಲಕ್ಷಾಂತರ ಗಿಡಗಳಲ್ಲಿ ಎಲೆಯ ಹಸಿರು ತುಸು ಮಾಸಿದ್ದು, ದಳದ ಬಣ್ಣ ಎಳೆಯಷ್ಟು ಒಡೆದದ್ದು, ನಿಲುವು ಕೊಂಚ ಸೊರಗಿದ್ದು ಅವನ ಕಣ್ಣಿಗೆ ಬೀಳಬೇಕು. ಬಿದ್ದರೆ ಆ ಗಿಡ ಗೆಡ್ಡೆಸಮೇತ ಹೊರಕ್ಕೆ. ಗಿಡಹೇನುಗಳು ರೋಗವನ್ನು ಪಕ್ಕದ ಸಾಲಿಗೆ ಹೊತ್ತೊಯ್ಯುವ ಮೊದಲು ಈ ಕೆಲಸ ಮುಗಿಯಬೇಕು. ಎದುರು ಬಿಸಿಲು ಇದಕ್ಕೆ ಆಗದು, ದಳದ ಮೇಲಿನ ಸಣ್ಣ ಗೆರೆ ಬೆಳಕಿನಲ್ಲಿ ತಪ್ಪಿಹೋಗುತ್ತದೆ. ಈಚೆಗೆ ಕ್ಯಾಮೆರಾ ಹೊತ್ತ ಯಂತ್ರಗಳೂ ಸಾಲುಗಳ ಮೇಲೆ ತೆವಳಿ ಇದೇ ಕೆಲಸ ಮಾಡತೊಡಗಿವೆ. ಅವುಗಳಿಗೆ ನೋಡಲು ಕಲಿಸಿದ್ದು ಈ ಮನುಷ್ಯರ ಕಣ್ಣೇ. ಒಂದು ರಾಗದಲ್ಲಿ ಸ್ವರ ಕೂದಲೆಳೆಯಷ್ಟು ಜಾರಿದರೂ ಹಿಡಿಯುವ ಕಿವಿಯಿದೆಯಲ್ಲ, ಹಾಗೆಯೇ ಈ ಕಣ್ಣು. ನಾನದನ್ನು ರಸಿಕತೆ ಎಂದೇ ಕರೆಯುತ್ತೇನೆ.

ಅದಾದ ಮೇಲೆ ಬರುವ ದೃಶ್ಯ ನೋಡುವವರ ಎದೆ ಝಲ್ಲೆನಿಸುವಂಥದ್ದು. ಹೂ ಪೂರ್ತಿ ಅರಳಿ, ತಳಿ ಶುದ್ಧವಾಗಿದೆಯೆಂದು ಖಾತ್ರಿಯಾದ ಕೆಲವೇ ದಿನಗಳಲ್ಲಿ ಯಂತ್ರ ಹಾಯಿಸಿ ಹೂತಲೆಗಳನ್ನೆಲ್ಲ ಕತ್ತರಿಸಿಬಿಡುತ್ತಾರೆ. ಸಾಲುಗಳ ನಡುವೆ ದಳಗಳ ರಾಶಿ. ಹೂವನ್ನು ಹಾಗೇ ಬಿಟ್ಟರೆ ಗಿಡ ಬೀಜ ಕಟ್ಟಲು ಹೊರಡುತ್ತದೆ. ತೆಗೆದರೆ ಎಲೆ ದುಡಿದದ್ದೆಲ್ಲ ಕೆಳಗಿಳಿದು ಗೆಡ್ಡೆಗೆ ಸೇರುತ್ತದೆ. ಆಗ ಮಣ್ಣಿನೊಳಗೆ ನಡೆಯುವುದು ಇನ್ನೂ ವಿಚಿತ್ರ: ನೆಟ್ಟ ತಾಯಿಗೆಡ್ಡೆ ಬರಿದಾಗಿ ಕರಗುತ್ತದೆ, ಅದರ ಪದರಗಳ ಸಂದಿಯಲ್ಲಿದ್ದ ಮೊಗ್ಗುಗಳು ಮರಿಗೆಡ್ಡೆಗಳಾಗಿ ಊದುತ್ತವೆ. ಟ್ಯುಲಿಪ್ ಗೆಡ್ಡೆ ವರ್ಷವೂ ಹೊಸದು. ಗೊನೆ ಕೊಟ್ಟ ಬಾಳೆ ಕಂದುಗಳಿಗೆ ಜಾಗ ಬಿಡುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೆಡ್ಡೆಯ ಚೀಲದ ಮೇಲಿನ ಹನ್ನೆರಡರಲ್ಲಿ ಆ ಕತ್ತರಿಸಿದ ಹೂವೂ ಸೇರಿಕೊಂಡಿದೆ. ಒಂದು ವಸಂತವನ್ನು ತ್ಯಜಿಸಿ ಮುಂದಿನ ವಸಂತವನ್ನು ದಪ್ಪಗೊಳಿಸಿದ್ದಾರೆ.

ಜೂನ್–ಜುಲೈಯಲ್ಲಿ ಎಲೆ ಹಳದಿಯಾದಾಗ ಗೆಡ್ಡೆ ಕೀಳುತ್ತಾರೆ. ಒಣಗಿಸುತ್ತಾರೆ, ಹಳೆಯ ಸಿಪ್ಪೆ, ಬೇರು ಬಿಡಿಸುತ್ತಾರೆ, ಮರಿಗಳನ್ನು ಒಂದರಿಂದೊಂದು ಬೇರ್ಪಡಿಸುತ್ತಾರೆ. ಆ ಸೀಮೆಯಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳೂ ಹೆಂಗಸರೂ ಕೊಟ್ಟಿಗೆಗಳಲ್ಲಿ ಮೇಜಿನ ಸುತ್ತ ಕೂತು ಗೆಡ್ಡೆ ಸುಲಿಯುವುದು ತಲೆಮಾರುಗಳ ರೂಢಿ. ನಮ್ಮ ಮಲೆನಾಡಿನ ಅಡಿಕೆ ಸುಲಿತದ ರಾತ್ರಿಗಳನ್ನು ಬಲ್ಲವರಿಗೆ ಆ ಕೊಟ್ಟಿಗೆಯ ಮಾತು, ನಗು, ಬೆರಳಿನ ಓಟ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಜರಡಿ. ಅದುರುವ ಹಲಗೆಗಳ ಮೇಲೆ ಗೆಡ್ಡೆಗಳು ಕುಣಿಯುತ್ತ ಸಾಗುತ್ತವೆ, ತಮಗೆ ಒಪ್ಪುವ ತೂತು ಬಂದಲ್ಲಿ ಇಳಿಯುತ್ತವೆ.

ಹತ್ತರ ತೂತಿನಿಂದ ಕೆಳಗೆ ಬಿದ್ದ ಟ್ಯುಲಿಪ್‌ಗಳು ಸಾಮಾನ್ಯವಾಗಿ ಹಡಗು ಹತ್ತುವುದಿಲ್ಲ. ಅವುಗಳಿಗೆ ನಾಟಿ ಸರಕು ಎಂದು ಹೆಸರು; ಶರತ್ಕಾಲದಲ್ಲಿ ಮತ್ತೆ ಮರಳಿಗೆ. ಮರುವರ್ಷ ಮತ್ತೆ ಜರಡಿ. ತೀರ ಸಣ್ಣ ಮರಿಯೊಂದು ಹನ್ನೆರಡನ್ನು ಮುಟ್ಟಲು ಎರಡು ಮೂರು ವರ್ಷ ಹಿಡಿಯಬಹುದು. ಜರಡಿ ಅದಕ್ಕೆ ಕೊಡುವುದು ಕಾಲಾವಕಾಶ.

ದೊಡ್ಡದೇ ಒಳ್ಳೆಯದು ಎಂದು ಈ ಅಳತೆಗಳನ್ನು ಓದಿದರೆ ಅವುಗಳ ಸೊಗಸು ಕೈಬಿಟ್ಟುಹೋಗುತ್ತದೆ. ಪ್ರತಿ ಜಾತಿಗೂ ಅದರದೇ ಪೂರ್ಣತೆ. ಕ್ರೋಕಸ್‌ಗೆ 9/10 ಎಂದರೆ ಭಾರಿ ಗಾತ್ರ. ಟ್ಯುಲಿಪ್‌ನಲ್ಲಿ ಅದು ಇನ್ನೂ ನಾಟಿಯ ಮರಿ. ಹಿಮದ ನಡುವೆ ತಲೆಯೆತ್ತುವ ಹಿಮಬಿಂದು ಹೂವಿಗೆ 5/+ ಸಾಕು. ಟ್ಯುಲಿಪ್ ಕುಲದಲ್ಲೇ ಕ್ಲೂಸಿಯಾನ ಎಂಬ ಕಾಡುಜಾತಿಯಿದೆ. ಹೊರಗೆ ಕೆಂಪು, ಒಳಗೆ ಬಿಳಿ, ನಡುವೆ ಕಪ್ಪುನೇರಳೆ ಕಣ್ಣು, ಕಡ್ಡಿಯಂಥ ದಂಟು. ಅದರ ಗೆಡ್ಡೆಯೂ 5/+ ಅಳತೆಯಲ್ಲೇ ಮಾರಾಟವಾಗುತ್ತದೆ, ದೊಡ್ಡ ಗೋಲಿಯಷ್ಟು. ಹನ್ನೆರಡರ ಜರಡಿಗೆ ಹಾಕಿದರೆ ಕ್ಲೂಸಿಯಾನ ಒಂದೂ ನಿಲ್ಲದು. ಆದರೆ ಅದಕ್ಕೆ ಹನ್ನೆರಡರ ಜರಡಿ ಹಿಡಿಯಬೇಕೆಂದು ಯಾರೂ ಹೇಳಿಲ್ಲ. ಮಾನದಂಡ ಬರೆದವರ ವಿವೇಕ ಇರುವುದು ಇಲ್ಲೇ.

ನರ್ಗೀಸ್ ಜಾತಿಯ ಡಾಫೊಡಿಲ್‌ಗಳಿಗೆ ಬಹುಕಾಲ ಬಳಕೆಯಲ್ಲಿರುವ ಲೆಕ್ಕ ಮೂಗಿನದು. ಅವು ಟ್ಯುಲಿಪ್‌ನಂತೆ ಕರಗುವುದಿಲ್ಲ. ತಾಯಿ, ಮಗಳು ಒಂದೇ ಸಿಪ್ಪೆಯೊಳಗೆ ಕೂಡಿ ಬದುಕುತ್ತಾರೆ. ಹೀಗಾಗಿ ಒಂದೇ ಗೆಡ್ಡೆಗೆ ಎರಡು ಮೂಗು. ಎರಡು ಮೂಗಿನದರಲ್ಲಿ ಒಂದು, ಎರಡು, ಮೂರು ಎಂದು ದರ್ಜೆಗಳು. ಎರಡು ಮೂಗೆಂದರೆ ಎರಡು ಹೂದಂಟಿನ ಭರವಸೆ. ನಮ್ಮ ಮನೆಯಂಗಳದಲ್ಲೂ ಬೇಸಿಗೆ ಮುಗಿಯುವ ಹೊತ್ತಿಗೆ ಕೊಂಬು ಊದುವಂತೆ ಅರಳುವ, ಸುಮ್ಮನೆ ಲಿಲ್ಲಿ ಎಂದು ನಾವು ಕರೆಯುವ ಕೆಂಪು ಹೂವಿನ ಬಳಗವಿದೆಯಲ್ಲ, ವ್ಯಾಪಾರದಲ್ಲಿ ಅಮರಿಲ್ಲಿಸ್ ಎನ್ನುವುದು, ಅದರ ಅಳತೆ 24/26ರಿಂದ ಹೊರಟು 34/36ನ್ನೂ ದಾಟುತ್ತದೆ. 36 ಎಂದರೆ ವ್ಯಾಸ ಹನ್ನೊಂದು ಸೆಂಟಿಮೀಟರಿಗೂ ಮೇಲೆ. ಎರಡು ಕೈಯೂ ಬೇಕು. ಗೆಡ್ಡೆಯೊಳಗೆ ನಾಲ್ಕು ಎಲೆ ಹುಟ್ಟಿದ ಮೇಲೆ ಒಂದು ಹೂದಂಟು ಎಂಬ ಲಯದಲ್ಲಿ ಅದು ಕಟ್ಟಿಕೊಳ್ಳುತ್ತ ಹೋಗುತ್ತದೆ. ಗೆಡ್ಡೆ ಹಿಗ್ಗಿದಷ್ಟೂ ಒಳಗೆ ಕಾದು ಕೂತ ಹೂದಂಟುಗಳು ಹೆಚ್ಚು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಹಯಸಿಂತ್ ಬಳಿ. ಅದರ ಗೆಡ್ಡೆಯೇ ತನ್ನ ಹೂವಿನ ಬಣ್ಣವನ್ನು ಸೂಚಿಸುತ್ತದೆ: ನೀಲಿ ಹೂವಿನದಕ್ಕೆ ನೇರಳೆ ಹೊಳಪಿನ ಸಿಪ್ಪೆ, ಬಿಳಿಯದಕ್ಕೆ ಬೆಳ್ಳಗಿನ ಸಿಪ್ಪೆ. ರೇಷ್ಮೆಯ ಒಳಮೈಯಂತೆ ಅದು ಮಿನುಗುತ್ತದೆ. ಮುಟ್ಟಿದವರ ಕೈ ಮಾತ್ರ ತುರಿಸುತ್ತದೆ. ಕೆಸುವಿನ ಗೆಡ್ಡೆ ಹೆಚ್ಚುವಾಗ ನಮ್ಮ ಕೈ ತುರಿಸುವುದೂ ಇದೇ ಕಾರಣಕ್ಕೆ. ಎರಡರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ. ಹಯಸಿಂತ್ ಅಳತೆ 14/15ರಿಂದ 19/+ವರೆಗೆ. ಮನೆಯೊಳಗೆ ಕುತ್ತಿಗೆ ಕಿರಿದಾದ ಗಾಜಿನ ಪಾತ್ರೆಯಲ್ಲಿ, ಬುಡಕ್ಕೆ ಎಟಕೀ ಎಟಕದಂತೆ ನೀರಿಟ್ಟು ಅರಳಿಸುವುದಕ್ಕೆ 18/19ರಂಥ ದೊಡ್ಡದು ಬೇಕು. ಬಿಳಿ ಬೇರುಗಳು ನೀರಿನಲ್ಲಿ ಇಳಿಬಿದ್ದು, ಮೇಲೆ ಹೂಗೊಂಚಲು ದಟ್ಟವಾಗಿ ಏರಿ, ಕೋಣೆಯೆಲ್ಲ ಪರಿಮಳ ತುಂಬುತ್ತದೆ. ಅದೇ ಗೆಡ್ಡೆಯನ್ನು ಬಯಲಿನ ಪಾತಿಯಲ್ಲಿ ನೆಟ್ಟರೆ ಒಂದೇ ಮಳೆಗೆ ಆ ಭಾರದ ಗೊಂಚಲು ತಲೆಕೆಳಗಾಗಿ ಮಣ್ಣು ಮುಕ್ಕುತ್ತದೆ. ಬಯಲಿಗೆ 14/15, 15/16 ಸರಿ. ಹೂ ಸ್ವಲ್ಪ ವಿರಳ, ದಂಟು ನೆಟ್ಟಗೆ. ಇಂಥ ಕಡೆ ಸಣ್ಣ ಅಳತೆಯನ್ನು ಕೇಳಿ ಪಡೆಯುವವರೇ ಜಾಣರು.

ಅಳತೆ ಕಣ್ಣಿಗೆ ಕಾಣುವ ಪರೀಕ್ಷೆ. ಕಾಣದ ಪರೀಕ್ಷೆಗಳು ಇನ್ನಷ್ಟಿವೆ. ಒಳ್ಳೆಯ ಗೆಡ್ಡೆ ಗಾತ್ರಕ್ಕೆ ತಕ್ಕ ತೂಕವಿರಬೇಕು. ಹಗುರವಾದರೆ ಒಳಗೆ ಒಣಗಿದೆ. ಹೆಬ್ಬೆರಳಿಂದ ಒತ್ತಿದರೆ ಕುಸಿಯಬಾರದು. ಸಿಪ್ಪೆ ಬಿರಿದರೆ ಚಿಂತೆಯಿಲ್ಲ, ಮೇಲೆ ನೀಲಿ ಬೂಷ್ಟಿನ ಸಣ್ಣ ಚುಕ್ಕೆ ಇದ್ದರೂ ಒರೆಸಿದರೆ ಹೋದೀತು. ಬುಡದ ಬಿಲ್ಲೆಗೆ ಪೆಟ್ಟಾಗಿದ್ದರೆ ಮಾತ್ರ ಕ್ಷಮೆಯಿಲ್ಲ, ಬೇರು ಹೊರಡುವುದು ಅಲ್ಲಿಂದ. ಕೊನೆಯದು ವಾಸನೆ. ಫ್ಯುಸೇರಿಯಂ ಶಿಲೀಂಧ್ರ ಹತ್ತಿದ ಗೆಡ್ಡೆಯನ್ನು ಡಚ್ ಬೆಳೆಗಾರರು ಹುಳಿಯಾದದ್ದು ಎನ್ನುತ್ತಾರೆ, ಅದರ ವಾಸನೆಯೂ ಹಾಗೇ. ಹುಳಿಯಾದ ಗೆಡ್ಡೆ ಎಥಿಲೀನ್ ಅನಿಲ ಬಿಡುತ್ತದೆ. ಬಾಳೆಹಣ್ಣು ಮಾಗುವಾಗ ಬಿಡುವ ಅನಿಲವೇ. ಅದು ಪಕ್ಕದ ಆರೋಗ್ಯದ ಗೆಡ್ಡೆಗಳ ಒಳಗಿನ ಮೊಗ್ಗನ್ನು ಸುಟ್ಟುಬಿಡುತ್ತದೆ. ಹೊರಗೆ ನೋಡಿದರೆ 12/+, ನುಣುಪು, ತೂಕ ಎಲ್ಲ ಸರಿ. ವಸಂತದಲ್ಲಿ ಮೊಗ್ಗು ಮಾತ್ರ ಒಣಗಿ ಕಾಗದ. ಅದಕ್ಕಾಗಿಯೇ ಗೋದಾಮುಗಳಲ್ಲೂ ಹಡಗಿನ ಪೆಟ್ಟಿಗೆಗಳಲ್ಲೂ ಗಾಳಿ ಸದಾ ಹರಿಯುತ್ತಿರಬೇಕು.

ಆ ಗೋದಾಮಿನ ಕತ್ತಲಲ್ಲಿ ನಡೆಯುವ ಸಂಗತಿ ನನಗೆ ಈ ಇಡೀ ಕಸುಬಿನ ರಸಬಿಂದು. ಟ್ಯುಲಿಪ್ ಗೆಡ್ಡೆಯನ್ನು ಮಣ್ಣಿನಿಂದ ಕಿತ್ತಾಗ ಅದರೊಳಗೆ ಮುಂದಿನ ಹೂವು ಇನ್ನೂ ಮೂಡಿರುವುದಿಲ್ಲ. ಬೇರಿಲ್ಲ, ಎಲೆಯಿಲ್ಲ, ಮಣ್ಣಿಲ್ಲ, ಬೆಳಕಿಲ್ಲ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ರಾಶಿಬಿದ್ದ ಸ್ಥಿತಿಯಲ್ಲಿ, ಹದವಾದ ಬೆಚ್ಚಗಿನಲ್ಲಿ, ಜುಲೈ–ಆಗಸ್ಟ್ ತಿಂಗಳಲ್ಲಿ ಅದು ಒಳಗೊಳಗೇ ಹೂವನ್ನು ರಚಿಸುತ್ತದೆ. ಮೊದಲು ಹೊರದಳ ಮೂರು, ಒಳದಳ ಮೂರು, ಆಮೇಲೆ ಕೇಸರಗಳು, ಕಡೆಗೆ ಅಂಡಾಶಯ. ಆ ಕಡೆಯ ಘಟ್ಟಕ್ಕೆ ಬೆಳೆಗಾರರು ಜಿ ಹಂತ ಎನ್ನುತ್ತಾರೆ. ಕೆಲವು ಗೆಡ್ಡೆಗಳನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಜಿ ಹಂತ ಮುಟ್ಟಿದೆಯೆಂದು ಕಂಡ ಮೇಲೇ ಉಳಿದವನ್ನು ತಂಪಿಗೆ ಹಾಕುವುದು. ಆಮೇಲೆ ಹನ್ನೆರಡು ವಾರಕ್ಕೂ ಮೇಲೆ ಚಳಿ ಬೇಕು. ಚಳಿ ಉಣ್ಣದ ಗೆಡ್ಡೆ ದಂಟು ಎತ್ತದು, ಹೂ ಬುಡದಲ್ಲೇ ಮುದುಡಿ ಕೂರುತ್ತದೆ. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಇಲ್ಲಿ ನೆಡುವವರು ಮೊದಲೇ ತಂಪುಗೊಳಿಸಿದ ಗೆಡ್ಡೆಯನ್ನೇ ಕೇಳಿ ತರಿಸಬೇಕು. ಡಾಫೊಡಿಲ್ ಹಾಗಲ್ಲ, ಮಣ್ಣಿನಲ್ಲಿದ್ದಾಗಲೇ ಮುಂದಿನ ಹೂವನ್ನು ಮೂಡಿಸಿಕೊಂಡಿರುತ್ತದೆ. ಹೀಗೆ ಒಂದೊಂದಕ್ಕೂ ಒಂದೊಂದು ಶಾಖದ ಪಂಚಾಂಗ.

ಅಳತೆ ಇಲ್ಲದ ಕಾಲವೇ ಇರಲಿಲ್ಲ, ಹಿಂದೆ ಅಳತೆಯ ಅರ್ಥ ಬೇರೆಯಿತ್ತು. ಸಸ್ಯವಿಜ್ಞಾನಿ ಕರೋಲಸ್ ಕ್ಲೂಸಿಯಸ್ 1593ರಲ್ಲಿ ಲೈಡನ್ನಿಗೆ ಬಂದು ವಿಶ್ವವಿದ್ಯಾಲಯದ ತೋಟದಲ್ಲಿ ನೆಟ್ಟ ಟ್ಯುಲಿಪ್ 1594ರಲ್ಲಿ ಅರಳಿತು. ಮೇಲೆ ಹೇಳಿದ ಕ್ಲೂಸಿಯಾನಕ್ಕೆ ಹೆಸರು ಅವನಿಂದಲೇ. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಆ ನಾಡು ಗೆಡ್ಡೆಗಾಗಿ ಹುಚ್ಚೆದ್ದಿತು. ಆಗ ಗೆಡ್ಡೆ ಮಾರಾಟವಾಗುತ್ತಿದ್ದದ್ದು ತೂಕದಲ್ಲಿ, ಆಸ್ ಎಂಬ ಅಕ್ಕಸಾಲಿಗರ ಲೆಕ್ಕದಲ್ಲಿ. ಒಂದು ಆಸ್ ಒಂದು ಗ್ರಾಮಿನ ಇಪ್ಪತ್ತನೇ ಒಂದು ಭಾಗ. ವೈಸ್‌ರಾಯ್ ಎಂಬ ತಳಿಯ ಒಂದೊಂದು ಗೆಡ್ಡೆಗೆ ತೂಕ ನೋಡಿ 3,000ದಿಂದ 4,200 ಗಿಲ್ಡರ್ ತನಕ ಬೆಲೆ ಹೇಳಿದ್ದರು. 1637ರ ಫೆಬ್ರುವರಿ 5ರಂದು ಅಲ್ಕ್‌ಮಾರ್ ಊರಿನಲ್ಲಿ, ತೀರಿಕೊಂಡ ಹೋಟೆಲಿನ ಯಜಮಾನನೊಬ್ಬನ ಅನಾಥ ಮಕ್ಕಳಿಗಾಗಿ ನಡೆದ ಹರಾಜಿನಲ್ಲಿ ಒಟ್ಟು ಸುಮಾರು 90,000 ಗಿಲ್ಡರ್ ಕೂಡಿತು. ಅದೇ ತಿಂಗಳಲ್ಲಿ ಬೆಲೆ ಕುಸಿಯಿತು.

ಆ ಕಾಲದ ಅತಿ ದುಬಾರಿ ಹೂಗಳೆಲ್ಲ ಬಣ್ಣ ಒಡೆದವು. ಬಿಳಿಯ ಮೇಲೆ ಕೆಂಪಿನ ಜ್ವಾಲೆ, ಹಳದಿಯ ಮೇಲೆ ಕಂದಿನ ಗರಿ. ಯಾವ ಗೆಡ್ಡೆ ಯಾವ ವರ್ಷ ಹಾಗೆ ಒಡೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಗಿಡಹೇನು ಹರಡುವ ವೈರಸ್ಸಿನ ಕೆಲಸ ಎನ್ನುವುದರ ಎಳೆಯನ್ನು ಇಂಗ್ಲೆಂಡಿನ ಡೊರೊಥಿ ಕೇಲಿ 1920ರ ದಶಕದ ಕೊನೆಯಲ್ಲಿ ಹಿಡಿದುಕೊಟ್ಟರು. ಆ ಸೊಬಗೇ ಬೇನೆ. ಗೆಡ್ಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು, ಅದಕ್ಕೇ ಅದು ಅಪರೂಪ, ಅದಕ್ಕೇ ದುಬಾರಿ. 1923ರಲ್ಲಿ ಶುರುವಾದ, ಲಿಸ್ಸದ ಹೂಗೆಡ್ಡೆ ತಪಾಸಣಾ ಸಂಸ್ಥೆ ಇವತ್ತು ಹೊಲದಲ್ಲೂ ಪ್ರಯೋಗಾಲಯದಲ್ಲೂ ಬೆನ್ನಟ್ಟುವ ಬೇನೆಗಳಲ್ಲಿ ಇದೂ ಒಂದು. ರೆಂಬ್ರಾಂಟನ ಕಾಲದ ಶ್ರೀಮಂತರು ಮನೆಯ ಬೆಲೆ ಕೊಟ್ಟು ಕೊಂಡ ಹೂವು ಇಂದಿನ ತಪಾಸಕರ ಕಣ್ಣಿಗೆ ಬಿದ್ದರೆ ಕಿತ್ತು ಹಾಕಬೇಕಾದ ಗಿಡ. ಇದು ಸರಿಯೇ ಎಂದು ನನ್ನನ್ನು ಕೇಳಿದರೆ, ಸರಿ ಎನ್ನುತ್ತೇನೆ. ಒಂದು ಒಡೆದ ಹೂವಿನ ಮೋಹಕ್ಕೆ ಸಾವಿರ ಹೊಲಗಳನ್ನು ಒಡ್ಡಲಾಗದು. ಆದರೆ ಅದು ಪೂರ್ತಿ ಅಳಿಯಲೂ ಬಾರದು. ಲಿಮ್ಮನ್ ಎಂಬ ಹಳ್ಳಿಯಲ್ಲಿ 1928ರಿಂದ ಹಳೆಯ ತಳಿಗಳ ತೋಟವೊಂದಿದೆ, ಹಾರ್ಟಸ್ ಬಲ್ಬೋರಮ್. 1620ರ ಕಾಲದ ಜೋಮರ್‌ಸ್ಕೋನ್ ತಳಿ, ಕೆನೆಯ ಮೇಲೆ ಗುಲಾಬಿಯ ಜ್ವಾಲೆ, ಅಲ್ಲಿ ಇಂದಿಗೂ ಅರಳುತ್ತದೆ.

ಗಡಿ ದಾಟುವ ಕಟ್ಟಳೆಗಳು ಬಿಗಿಯಾದದ್ದು ಇಂಥ ಭಯಗಳಿಂದಲೇ. ಅಮೆರಿಕ 1919ರಲ್ಲಿ ಸಸ್ಯ ಆಮದಿಗೆ ಕಠಿಣ ನಿಯಮ ತಂದಿತು, 1926ರಲ್ಲಿ ಡಾಫೊಡಿಲ್ ಗೆಡ್ಡೆಗಳನ್ನೂ ಅದರಡಿ ಸೇರಿಸಿತು. ಡಾಫೊಡಿಲ್ ಒಳಗೆ ದಾರದಂಥ ಸೂಕ್ಷ್ಮ ಹುಳು ಹೊಕ್ಕು ಬೆಳೆಯನ್ನೇ ಮುಗಿಸುವಂತಿದ್ದ ಕಾಲವದು. ಇಂಗ್ಲೆಂಡಿನ ಜೇಮ್ಸ್ ರ‍್ಯಾಮ್ಸ್‌ಬಾಟಮ್ ಮೊದಲ ಮಹಾಯುದ್ಧದ ದಿನಗಳಲ್ಲಿ ಕಂಡ ಉಪಾಯ ಸುಮಾರು 43 ಡಿಗ್ರಿ ಬಿಸಿನೀರಿನಲ್ಲಿ ಮೂರು ಗಂಟೆ ಗೆಡ್ಡೆಯನ್ನು ಮುಳುಗಿಸುವುದು. ಒಂದೆರಡು ಡಿಗ್ರಿ ಏರಿದರೆ ಒಳಗಿನ ಹೂವು ಬೇಯುತ್ತದೆ, ಇಳಿದರೆ ಹುಳು ಬದುಕುತ್ತದೆ. ಈಗ ಅಮೆರಿಕದ ತಪಾಸಕರು ನೆದರ್ಲೆಂಡ್ಸಿಗೇ ಬಂದು ಸರಕು ಹೊರಡುವ ಮೊದಲೇ ನೋಡಿ ಒಪ್ಪಿಗೆ ಕೊಡುವ ಪದ್ಧತಿ ಇದೆ.

ಹೂಗೆಡ್ಡೆಯ ಕಥೆಯಲ್ಲಿ ಒಂದು ಚಳಿಗಾಲವನ್ನು ನೆನೆಯದೆ ಮುಂದೆ ಹೋಗಲಾರೆ. 1944–45. ಜರ್ಮನ್ನರ ಹಿಡಿತದಲ್ಲಿದ್ದ ಪಶ್ಚಿಮ ನೆದರ್ಲೆಂಡ್ಸಿಗೆ ಆಹಾರ ಬಾರದೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಯುದ್ಧದಿಂದ ರಫ್ತು ನಿಂತು ಕೊಟ್ಟಿಗೆಗಳಲ್ಲಿ ಟ್ಯುಲಿಪ್ ಗೆಡ್ಡೆ ಉಳಿದಿತ್ತು. ಜನ ಅದನ್ನೇ ತಿಂದರು. ಹೇಗೆ ತಿನ್ನಬೇಕೆಂದು ಸೂಚನೆಗಳೂ ಹೊರಟವು: ಸಿಪ್ಪೆ ಸುಲಿದು ಸೀಳಿ, ನಡುವಿನ ಹಳದಿ ಮೊಳಕೆಯನ್ನು ತೆಗೆದು, ಉಳಿದದ್ದನ್ನು ಬೇಯಿಸಬೇಕು. ತೆಗೆದೆಸೆಯಬೇಕಾಗಿದ್ದ ಆ ಹಳದಿ ಮೊಳಕೆಯೇ ಮುಂದಿನ ಹೂವು. ಯುದ್ಧ ಮುಗಿದ 1945ರಲ್ಲೇ, ತನ್ನನ್ನೂ ಮಕ್ಕಳನ್ನೂ ಆಶ್ರಯವಿತ್ತು ಕಾಪಾಡಿದ ಕೆನಡಕ್ಕೆ ರಾಜಕುಮಾರಿ ಯೂಲಿಯಾನ 1,00,000 ಗೆಡ್ಡೆ ಕಳಿಸಿದರು. ಒಟ್ಟಾವಕ್ಕೆ ಡಚ್ಚರ ಗೆಡ್ಡೆ ಇಂದಿಗೂ ವರ್ಷವರ್ಷ ಹೋಗುತ್ತದೆ.

ಅಳತೆಯಲ್ಲಿ ಕರುಣೆಯೂ ಇರಬಲ್ಲದೆಂದು ತೋರಿಸಿದ್ದು ತುರ್ಕಿಯ ಬೆಟ್ಟಗಳು. ಅಲ್ಲಿಯ ಹಿಮಬಿಂದು ಗೆಡ್ಡೆಗಳನ್ನು ದಶಕಗಳ ಕಾಲ ಕಾಡಿನಿಂದ ಬಗೆದು ಯುರೋಪಿಗೆ ಮಾರಿದರು, ಇಳಿಜಾರುಗಳು ಬರಿದಾದವು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಅದು ಸೇರಿದ ಮೇಲೆ ವರ್ಷಕ್ಕಿಷ್ಟೇ ಎಂಬ ಮಿತಿ ಬಂತು, ಇಷ್ಟು ಸುತ್ತಳತೆಗಿಂತ ಸಣ್ಣದನ್ನು ಕೀಳಬಾರದು ಎಂಬ ಕಟ್ಟಳೆ ಬಂತು. ಸಣ್ಣದು ಮಣ್ಣಿನಲ್ಲೇ ಉಳಿದು ಮರಿಹಾಕಲಿ ಎಂದು. ಅಲ್ಲಿ ಜರಡಿ ಕಾಯುವುದು ಬೆಟ್ಟವನ್ನು.

ನಮ್ಮಲ್ಲಿ ಶ್ರೀನಗರದ ದಾಲ್ ಸರೋವರದ ಮಗ್ಗುಲಲ್ಲಿ, ಜಬರ್ವಾನ್ ಬೆಟ್ಟದಡಿ, 2007ರಲ್ಲಿ ತೆರೆದ ಟ್ಯುಲಿಪ್ ತೋಟಕ್ಕೆ ಗೆಡ್ಡೆ ಬರುವುದು ನೆದರ್ಲೆಂಡ್ಸಿನಿಂದಲೇ. ಮಾರ್ಚ್–ಏಪ್ರಿಲ್ ನಡುವೆ ಕರ್ನಾಟಕದಿಂದಲೂ ಎಷ್ಟೋ ಜನ ನೋಡಿಬರುತ್ತಾರೆ. ಆದರೆ ಮೈಸೂರು, ತುಮಕೂರು, ಕೋಲಾರದ ಹೊಲಗಳಲ್ಲಿ ನಮ್ಮದೇ ಒಂದು ಹೂಗೆಡ್ಡೆಯಿದೆ: ಸುಗಂಧರಾಜ. ಮೆಕ್ಸಿಕೊ ಮೂಲದ್ದಾದರೂ ನಮ್ಮ ಮಾಲೆಗೆ, ಮದುವೆಯ ಹಂದರಕ್ಕೆ ಎಂದೋ ಸೇರಿಹೋದದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಪ್ರಜ್ವಲ್, ಸುವಾಸಿನಿ, ವೈಭವ್ ತಳಿಗಳನ್ನು ಕೊಟ್ಟಿದೆ. ಅದರ ಗೆಡ್ಡೆ ಕದಿರಿನಾಕಾರ, ದುಂಡಲ್ಲ. ಒಂದೂವರೆ ಸೆಂಟಿಮೀಟರಿಗೂ ಮೀರಿದ ವ್ಯಾಸದ್ದನ್ನೇ ಆರಿಸಿ ನೆಡಿ ಎಂದು ರೈತರಿಗೆ ಹೇಳುತ್ತಾರೆ. ಗುಂಪಿನಿಂದ ಬಿಡಿಸಿ, ನೆರಳಲ್ಲಿ ಆರಿಸಿ, ದಪ್ಪದನ್ನು ಒಂದು ಕಡೆ ಸಣ್ಣದನ್ನು ಒಂದು ಕಡೆ ಮಾಡುವ ನಮ್ಮ ರೈತ ಹೆಣ್ಣುಮಗಳ ಕೈಗೂ ಲಿಸ್ಸದ ಜರಡಿಗೂ ನಾನು ವ್ಯತ್ಯಾಸ ಕಾಣೆ. ಆ ಕೈಗೆ ಅಚ್ಚಾದ ಸಂಖ್ಯೆಯಿಲ್ಲ, ಅಷ್ಟೇ. ಅವಳ ಗೆಡ್ಡೆಗೂ ಅಳತೆಯ ಚೀಟಿ ಅಂಟಬೇಕು, ಅದಕ್ಕೆ ತಕ್ಕ ಬೆಲೆ ಅವಳಿಗೆ ಸಿಗಬೇಕು.

ಇನ್ನು ಮುಂದೆ ನರ್ಸರಿಯಲ್ಲಾಗಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಯಲ್ಲಾಗಲಿ ಹೂಗೆಡ್ಡೆ ಕೊಳ್ಳುವಾಗ, ದಯವಿಟ್ಟು ಚೀಲದ ಮೇಲಿನ ಹೂವಿನ ಚಿತ್ರಕ್ಕೆ ಮೊದಲು ಮೂಲೆಯ ಸಂಖ್ಯೆಯನ್ನು ಓದಿ. ಸಂಖ್ಯೆ ಇಲ್ಲದಿದ್ದರೆ ಕೇಳಿ. ಒಂದನ್ನು ಅಂಗೈಗೆ ತೆಗೆದುಕೊಂಡು ತೂಕ ನೋಡಿ, ಬುಡ ಒತ್ತಿ ನೋಡಿ, ಮೂಗಿನ ಬಳಿ ಹಿಡಿದು ಹುಳಿವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕೊಳ್ಳಿ.